ಇಬ್ಬರು ಬಾಣಂತಿಯರು ಮತ್ತು ಒಂದು ಕಂಬಳಿ

ಮೊಮ್ಮಗಳು ಹೊಸ ಸ್ಕೂಟರ್ ತಂದಿದ್ದಾಳೆ. ತಂದ ದಿನದಿಂದ ಅವಳ ಮುಖ ಊದಿಕೊಂಡಿದೆ. ಮೊದಮೊದಲು ನಲವತ್ತರ ಮೇಲೆ ಓಡಿಸಬೇಡಿ, ಇಂಜಿನ್ ಇನ್ನೂ ಬಿಗಿ ಇರುತ್ತದೆ ಎಂದು ಅಂಗಡಿಯವನು ಹೇಳಿ ಕಳಿಸಿದ್ದಾನಂತೆ. ಇವಳೋ ಶಾಲೆಯ ಮಾಸ್ತರಿಣಿ. ಇವಳ ಕೈಯಲ್ಲೇ ಕಲಿಯುವ ಹುಡುಗರು ಸೈಕಲ್ಲಿನ ಮೇಲೆ ಇವಳನ್ನು ದಾಟಿ, ತಿರುಗಿ ನೋಡಿ, ನಮಸ್ಕಾರ ಬೇರೆ ಮಾಡಿ ಹೋಗುತ್ತಾರಂತೆ.

"ಆಯಿ, ಇದಕ್ಕಿಂತ ನಡಕೋತ ಹೋಗೋದು ಛಲೋ ಇತ್ತ ನೋಡು," ಎಂದಳು.

"ಬಾಣಂತಿ ಅದು. ಇನ್ನೊಂದಿಷ್ಟು ದಿವಸ ತಡಿ," ಎಂದೆ ನಾನು.

"ಸ್ಕೂಟರ್ ಹ್ಯಾಂಗ ಬಾಣಂತಿ ಆಗ್ತದ?"

ಒಳ್ಳೆಯ ಪ್ರಶ್ನೆಯೇ. ಉತ್ತರ ಹೇಳುವ ಬದಲು ನಾನು ಟ್ರಂಕು ತೆಗೆದು ಒಂದು ಕಂಬಳಿಯನ್ನು ಬಿಸಿಲಿಗೆ ಹಾಕಿದೆ. ಕರಿ ಕಂಬಳಿ, ಅಂಚಿಗೆ ಸಣ್ಣದೊಂದು ಬಿಳಿ ಗೆರೆ, ನಡುಮಧ್ಯ ತುಕ್ಕಿನ ಬಣ್ಣದ ದೊಡ್ಡ ಕಲೆ. ಎಷ್ಟೋ ಸಲ ಒಗೆದಿದ್ದೇನೆ, ಆ ಕಲೆ ಹೋಗಿಲ್ಲ. ಈಗಲೂ ಅದನ್ನು ಕೊಡವಿದರೆ ಸಣ್ಣಗೆ ಕುರಿಯ ವಾಸನೆ ಬರುತ್ತದೆ. ಆ ವಾಸನೆ ಬಂದರೆ ಸಾಕು, ನನಗೆ ನಗು ಬರುತ್ತದೆ, ಅದರ ಬೆನ್ನಿಗೇ ಒಂದು ನಿಟ್ಟುಸಿರೂ ಬರುತ್ತದೆ. ಸದ್ಯ ಪಾರಾದೆವಲ್ಲ ಎನ್ನುವ ನಿಟ್ಟುಸಿರು. ಇಷ್ಟು ವರ್ಷವಾದರೂ ಅದು ಹಳತಾಗಿಲ್ಲ.

ನಿಜಾಮರ ಆಳಿಕೆ ಮುಗಿದು ಆಗ ಕೆಲವೇ ವರ್ಷ. ಕಚೇರಿಯ ಕಾಗದಗಳಲ್ಲಿ ಉರ್ದು ಇನ್ನೂ ಚಕ್ಕಳಮಕ್ಕಳ ಹಾಕಿಕೊಂಡು ಕೂತಿತ್ತು. ನಾವು ಮುಂದೆ ಯಾವ ರಾಜ್ಯಕ್ಕೆ ಸೇರುತ್ತೇವೆ ಎಂಬುದು ಗಂಡಸರಿಗೆ ಕಟ್ಟೆಯ ಮೇಲಿನ ಮಾತು, ಹೆಂಗಸರಿಗೆ ನೀರಿನ ಬಾವಿಯ ಹತ್ತಿರದ ಮಾತು. ನಮಗೆಲ್ಲ ಹೊಸದಾಗಿ ವೋಟು ಬಂದಿತ್ತು. ಹೆಸರು ಬರೆದುಕೊಳ್ಳಲು ಮನೆಗೆ ಬಂದವರು ನನ್ನ ಗಂಡನ ಹೆಸರು ಕೇಳಿದಾಗ ನಾನು ಸೆರಗು ಕಚ್ಚಿಕೊಂಡು ಗೋಡೆ ನೋಡಿದೆ. ಪಕ್ಕದ ಮನೆಯ ಗುರುಬಸಮ್ಮ ಬಂದು ಹೇಳಬೇಕಾಯಿತು. ಆ ಹೆಸರನ್ನು ನಾನು ಈಗಲೂ ಹೇಳುವುದಿಲ್ಲ. ನಮ್ಮವರು ಎಂದರೆ ನಿಮಗೆ ತಿಳಿಯುತ್ತದಲ್ಲ, ಸಾಕು.

ನಮ್ಮವರು ಮೊದಲು ಒಬ್ಬ ಜಾಗೀರದಾರರ ಮೋಟಾರು ಓಡಿಸುತ್ತಿದ್ದರು. ಜಾಗೀರು ಹೋಯಿತು, ಅದರ ಹಿಂದೆ ಮೋಟಾರೂ ಹೋಯಿತು. ಮಿಲಿಟರಿಯವರು ಬಿಟ್ಟುಹೋದ ಜೀಪುಗಳು ಹರಾಜಿಗೆ ಬಂದಾಗ, ಕೈಯಲ್ಲಿದ್ದದ್ದನ್ನೆಲ್ಲ ಸುರಿದು ಒಂದನ್ನು ತಂದರು. ಯಾದಗಿರಿಯ ಸ್ಟೇಷನ್ನಿನಲ್ಲಿ ರೈಲಿಳಿದವರನ್ನು ಶಹಾಪುರ, ಸುರಪುರದ ಕಡೆ ಮುಟ್ಟಿಸುವುದು, ಮದುಮಗನನ್ನು ಬೀಗರ ಊರಿಗೆ ಒಯ್ಯುವುದು, ದಾರಿಯೇ ಇಲ್ಲದ ಹಳ್ಳಿಗೆ ಡಾಕ್ಟರರನ್ನು ಕರೆದೊಯ್ಯುವುದು, ಇದೇ ನಮ್ಮ ಬದುಕು. ಹಳ್ಳಿಗಳಿಗೆ ಆಗ ಎಲ್ಲಿತ್ತು ರಸ್ತೆ? ಎರಿಹೊಲದ ಕರಿಮಣ್ಣಿನಲ್ಲಿ ಎತ್ತಿನ ಬಂಡಿಯ ಗಾಲಿ ಕೊರೆದ ಜಾಡುಗಳು, ಹಳ್ಳದ ಉಸುಕು, ಕಲ್ಲಿನ ದಿಬ್ಬ. ಜೀಪು ಎಲ್ಲವನ್ನೂ ಹತ್ತಿ ಇಳಿಯುತ್ತಿತ್ತು. ಆದರೆ ಯುದ್ಧ ನೋಡಿ ಬಂದದ್ದು, ಮುದಿಯಾಗಿತ್ತು. ಹಿಂದೆ ನೀಲಿ ಹೊಗೆ ಬಿಡುತ್ತಿತ್ತು, ಎಣ್ಣೆ ಕುಡಿಯುತ್ತಿತ್ತು. ಕಡೆಗೊಂದು ದಿನ ಅರ್ಧ ದಾರಿಯಲ್ಲಿ ಮದುಮಗನನ್ನು ಇಳಿಸಿ, ಅವನ ಕೈಯಿಂದಲೇ ತಳ್ಳಿಸಿಕೊಂಡಿತು.

ಆಗ ನಾನು ಬಸುರಿ. ಹೆರಿಗೆಗೆಂದು ಸುರಪುರದ ಹತ್ತಿರದ ದೇವಾಪುರಕ್ಕೆ, ನನ್ನ ತವರಿಗೆ ಹೊರಟಿದ್ದೆ. ಹೊರಡುವ ಮುಂಚೆ ನಮ್ಮವರು ಜೀಪಿನ ಕಡೆ ನೋಡುತ್ತಲೇ ಒಂದು ಮಾತು ಹೇಳಿದರು.

"ಇಂಜಿನ್ ಬಿಚ್ಚಿಸಿ ಹೊಸದಾಗಿ ಕಟ್ಟಿಸ್ತೀನಿ. ಇದೊಂದು ಸಲ ಆಗ್ತದ, ಇನ್ನೊಂದು ಸಲ ನನ್ನ ಕಡಿಂದ ಆಗಂಗಿಲ್ಲ. ಇದೂ ಕೆಟ್ಟರ ಹೈದರಾಬಾದಿಗೆ ಹೋಗಬೇಕಾಗ್ತದ. ನೀ ದೇವಾಪುರದಾಗ ಇರು. ನಾ ಹಬ್ಬಕ್ಕ ಬರ್ತೀನಿ."

ಹೈದರಾಬಾದಿನಲ್ಲಿ ಒಬ್ಬ ಹತ್ತಿ ಸಾಹುಕಾರರಿದ್ದರು. ನಂಬಿಕೆಯ ಡ್ರೈವರ್ ಬೇಕೆಂದು ಶಹಾಪುರದಲ್ಲಿದ್ದ ತಮ್ಮ ಗುಮಾಸ್ತನ ಕೈಲಿ ಮೇಲಿಂದ ಮೇಲೆ ಹೇಳಿ ಕಳಿಸುತ್ತಿದ್ದರು. ಮೋಟಾರು ನಿಲ್ಲಿಸುವ ಕೋಣೆಯ ಹಿಂದೆ ಒಬ್ಬರು ಮಲಗುವಷ್ಟು ಜಾಗ, ಹೆಂಡತಿ ಮಕ್ಕಳಿಗೆ ಅಲ್ಲಿ ಜಾಗವಿಲ್ಲ. ನನಗೆ ಮದುವೆಯಾಗಿ ಎಷ್ಟು ದಿನವಾಗಿತ್ತು? ಸ್ಟೇಷನ್ನಿನ ಹತ್ತಿರ ಒಂದೂವರೆ ಕೋಣೆಯ ಮನೆ ಮಾಡಿ, ಒಲೆಯ ಮೇಲಿನ ಗೂಡಿಗೆ ನಾನೇ ಸುಣ್ಣ ಬಳಿದು, ಬಳ್ಳಿ ಬರೆದಿದ್ದೆ. ಆ ಬಳ್ಳಿ ಇನ್ನೂ ಮಸಿಯಾಗಿರಲಿಲ್ಲ. ಹಬ್ಬಕ್ಕೆ ಬರುವ ಗಂಡನನ್ನು ಕಟ್ಟಿಕೊಂಡು ನಾನೇನು ಮಾಡಲಿ?

ಹೀಗೆ ನಾನು ದೇವಾಪುರದಲ್ಲಿ ಹೆತ್ತೆ, ಜೀಪು ಯಾದಗಿರಿಯ ಖಾದರ್ ಮಿಸ್ತ್ರಿಯ ಶೆಡ್ಡಿನಲ್ಲಿ ಹೊಟ್ಟೆ ಕೊಯ್ಯಿಸಿಕೊಂಡು ಮಲಗಿತು.

ತವರಿನ ಬಾಣಂತನ ಎಂದರೆ ನೀವು ಸುಖ ಎಂದುಕೊಂಡಿರಬಹುದು. ನನ್ನ ಅವ್ವನ ಕೈಯಲ್ಲಿ ಸಿಕ್ಕಿ ನೋಡಬೇಕಿತ್ತು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಅದರ ಮೇಲೆ ಅಜವಾನದ ಹೊಗೆ. ಮೈಮೇಲೆ ಕುದಿಯುವ ನೀರು ಹೊಯ್ಯುವಳು. ಕೂಗಿದರೆ, "ಬಾಯಿ ಮುಚ್ಚು, ಬಾಯಾಗ ಗಾಳಿ ಹೊಕ್ಕಾತು" ಎನ್ನುವಳು. ತಣ್ಣೀರನ್ನು ಕಣ್ಣಿನಿಂದ ನೋಡುವುದಕ್ಕೂ ಬಿಡಲಿಲ್ಲ. ಅವಳ ಲೆಕ್ಕದಲ್ಲಿ ಬಾಣಂತಿಗೆ ಲೋಕದಲ್ಲಿ ಇಬ್ಬರೇ ವೈರಿಗಳು, ಗಾಳಿ ಮತ್ತು ತಣ್ಣೀರು. ಇಷ್ಟಾದ ಮೇಲೆ ಅಂಟಿನ ಉಂಡೆ. ಅದೊಂದಕ್ಕಾಗಿ ನಾನು ಉಳಿದದ್ದನ್ನೆಲ್ಲ ಸಹಿಸಿಕೊಂಡೆ.

ಅಪ್ಪ ಮನೆಯಲ್ಲಿರಲಿಲ್ಲ. ನಮ್ಮದು ಕುರಿ ಸಾಕುವ ಮನೆತನ. ಮಳೆ ನಿಲ್ಲುತ್ತಲೇ ಅಪ್ಪ ಹಿಂಡು ಹೊಡೆದುಕೊಂಡು ಹೊಳೆಸಾಲಿಗೆ ಹೋದರೆ ಬರುವುದು ಮುಂದಿನ ಮಳೆಗಾಲಕ್ಕೆ. ನಾನು ಹುಟ್ಟಿದಾಗಲೂ ಇರಲಿಲ್ಲವಂತೆ. ಅವ್ವ ಅದನ್ನು ಹವಾಮಾನದ ಸುದ್ದಿ ಹೇಳಿದಂತೆ ಹೇಳುತ್ತಿದ್ದಳು. ನಾನೂ ಹಾಗೆಯೇ ಕೇಳಿಕೊಂಡು ಬೆಳೆದಿದ್ದೆ.

ಚಳಿಗಾಲದ ಒಂದು ಮುಂಜಾನೆ ನಮ್ಮವರು ನನ್ನನ್ನೂ ಮಗಳನ್ನೂ ಕರೆದೊಯ್ಯಲು ಬಂದರು. ಜೀಪಿನ ಸದ್ದು ಕೇಳಿ ನನಗೆ ಗುರುತೇ ಸಿಗಲಿಲ್ಲ. ಕೆಮ್ಮು ಇಲ್ಲ, ಹೊಗೆ ಇಲ್ಲ. ಅವರೂ ಹೊಸ ಅಂಗಿ ತೊಟ್ಟಿದ್ದರು. ಮಗಳ ಮುಖ ನೋಡಿ ನಕ್ಕರು, ನನ್ನ ಮುಖ ನೋಡಿದರು. ನೋಡಿ, "ಇಂಜಿನ್ ಸದ್ದು ಕೇಳಿದ್ಯಾ?" ಎಂದರು. ಇಷ್ಟು ತಿಂಗಳ ಮೇಲೆ ಹೆಂಡತಿಗೆ ಹೇಳುವ ಮೊದಲ ಮಾತು ಇದು!

ಅಂಗಳದಲ್ಲಿ ಅವ್ವನಿಗೆ ವಿವರಿಸಿದರು. ಒಳಗಿನ ಪಿಸ್ಟನ್, ರಿಂಗು ಎಲ್ಲ ಹೊಸವು. ಒಂದಕ್ಕೊಂದು ಇನ್ನೂ ಹೊಂದಿಕೊಂಡಿಲ್ಲ. ಐನೂರು ಮೈಲಿ ಆಗುವವರೆಗೆ ಜೋರು ಮಾಡಬಾರದು, ಭಾರ ಹೇರಬಾರದು, ನಡುನಡುವೆ ನಿಲ್ಲಿಸಿ ವಿಶ್ರಾಂತಿ ಕೊಡಬೇಕು. ಕಾಯಲು ಬಿಟ್ಟರೆ ಪಿಸ್ಟನ್ ಉಬ್ಬಿ ಇಂಜಿನ್ನಿನ ಒಳಗೋಡೆಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಅದು ಬರಿ ಕಬ್ಬಿಣ.

ಅವ್ವ ತಲೆಯ ಮೇಲಿನ ಸೆರಗು ಎಳೆದುಕೊಂಡು ಗಮನವಿಟ್ಟು ಕೇಳಿದಳು. ಕೇಳಿ, ಎಲ್ಲವೂ ತಿಳಿಯಿತೆನ್ನುವಂತೆ ತಲೆಯಾಡಿಸಿದಳು.

"ಹಂಗಾದ್ರ ಇದೂ ಬಾಣಂತಿನೇ ಬಿಡ್ರಿ."

"ಹೌದ್ರಿ ಅತ್ತಿಯವರ, ಹಂಗೇ ತಿಳೀರಿ," ಎಂದರು ನಮ್ಮವರು ಖುಷಿಯಿಂದ. ಎಂಥ ಮಾತಿಗೆ ಹೌದೆಂದೆನೆಂದು ಅವರಿಗೆ ಆಗ ಗೊತ್ತಾಗಲಿಲ್ಲ.

ಬಾಣಂತಿಯನ್ನು ಗಂಡನ ಮನೆಗೆ ಬಿಡಲು ತಾಯಿ ಜೊತೆಗೆ ಬರುವುದು ನಮ್ಮಲ್ಲಿ ಪದ್ಧತಿ. ಅವ್ವ ಬಂದಳು, ಅವಳೊಡನೆ ತೊಟ್ಟಿಲು, ಜೋಳದ ಚೀಲ, ಉಂಡೆಯ ಡಬ್ಬಿ, ಉರುವಲಿಗೆ ಕುಳ್ಳು, ನೀರು ಕಾಯಿಸಲು ತಾಮ್ರದ ಹಂಡೆ, ಒಂದು ಹೇಂಟೆ ಕೋಳಿ ಬಂದವು. ನಮ್ಮವರು ಬೆವತರು. ಭಾರ ಹೇರಬಾರದು ಎಂದು ಈಗಷ್ಟೇ ಹೇಳಿದ್ದಾರೆ, ಅತ್ತೆಗೆ ಎದುರಾಡುವಂತಿಲ್ಲ. ಪಾಪ, ಒಂದೊಂದನ್ನೂ ಹತ್ತಿಸುತ್ತ, "ಬಾಣಂತಿಗಿ ಭಾರ ಆಗ್ತದೇನೋ" ಎಂದು ಗಾಳಿಗೆ ಹೇಳಿಕೊಂಡರು. ಅವ್ವ ತಟ್ಟನೆ ಜೋಳದ ಚೀಲ ಇಳಿಸಿದಳು, ಕುಳ್ಳೂ ಅರ್ಧ ಇಳಿಸಿದಳು, ಹಂಡೆಯನ್ನೂ ಇಳಿಸಿದಳು. ನನ್ನ ಮಾತಿಗೆ ಜನ್ಮದಲ್ಲಿ ಒಂದು ಚೊಂಬು ಇಳಿಸಿದವಳಲ್ಲ. ಕಡೆಗೆ ಕೂಸಿಗೆಂದು ತಾನೇ ನೂಲು ತೆಗೆದು ಕುಲದವರ ಕೈಯಲ್ಲಿ ನೇಯಿಸಿದ್ದ ಹೊಸ ಕಂಬಳಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತಳು.

ಆ ಪ್ರಯಾಣದ ನಿಧಾನವನ್ನು ಏನೆಂದು ಹೇಳಲಿ! ಸುರಪುರದ ಗುಡ್ಡ ನಮ್ಮ ಬೆನ್ನಿಗೆ ಬಿದ್ದು ಎಷ್ಟೋ ಹೊತ್ತಿನ ಮೇಲೂ ಅಲ್ಲೇ ನಿಂತು ನೋಡುತ್ತಿತ್ತು. ಇಳಿಜಾರಿನಲ್ಲಿ ಸೈಕಲ್ಲಿನವನೊಬ್ಬ ನಮ್ಮನ್ನು ದಾಟಿ ಹೋದ. ಬಸ್ಸೊಂದು ಧೂಳೆಬ್ಬಿಸಿ ಹೋಯಿತು, ಅದರ ಕಿಟಕಿಯಿಂದ ಯಾರೋ, "ದಬ್ಬಬೇಕೇನ್ರೀ?" ಎಂದು ಕೂಗಿದರು. ಹಳೆಯ ದಿನವಾಗಿದ್ದರೆ ನಮ್ಮವರು ಅವನಿಗೆ ಧೂಳು ತಿನ್ನಿಸದೆ ಬಿಡುತ್ತಿರಲಿಲ್ಲ. ಆ ದಿನ ಮೀಸೆಯಲ್ಲೇ ನಕ್ಕರು. ಕಿವಿಯೆಲ್ಲ ಇಂಜಿನ್ನಿನ ಮೇಲೆ. ಅದು ಸ್ವಲ್ಪ ಬೇರೆ ಥರ ಉಸಿರಾಡಿದರೂ ಕಾಲು ಸಡಿಲ ಬಿಡುತ್ತಿದ್ದರು. ಕೂಸು ಕೆಮ್ಮಿದರೆ ತಿರುಗಿಯೂ ನೋಡಲಿಲ್ಲ ಎಂದು ನನಗೆ ಹೊಟ್ಟೆ ಉರಿಯಿತು. ಸವತಿಯನ್ನು ಮುಂದೆ ಕೂರಿಸಿಕೊಂಡು ಹೋಗುವುದು ಎಂದರೆ ಇದೇ ಇರಬೇಕು.

ಶಹಾಪುರದಲ್ಲಿ ಗುಡ್ಡದ ಕೆಳಗೆ ಒಂದು ಬೇವಿನ ಮರದ ಹತ್ತಿರ ನಿಲ್ಲಿಸಿದರು. ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿ, ಇಂಜಿನ್ನಿಗೆ ಗಾಳಿ ಆಡಲು ಬಿಟ್ಟರು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು.

"ಗುಮಾಸ್ತನ ಕಡಿ ಹೋಗಿ ಬರ್ತೀನಿ. ಹೈದರಾಬಾದಿಗೆ ಬರಂಗಿಲ್ಲ ಅಂತ ಹೇಳಿಬಿಡ್ತೀನಿ. ಇಂಜಿನ್ ಗಟ್ಟಿ ಅದ."

ಆ ಕ್ಷಣಕ್ಕೆ ಸವತಿಯ ಮೇಲಿನ ಸಿಟ್ಟೆಲ್ಲ ನನಗೆ ಇಳಿದುಹೋಯಿತು. ಮರದ ಆಚೆ ಮಗ್ಗುಲಿಗೆ ಕೂತು, ಸೆರಗು ಮರೆಮಾಡಿ, ಕೂಸಿಗೆ ಹಾಲು ಕುಡಿಸುತ್ತ ನಾನು ಒಲೆಯ ಗೂಡಿನ ಬಳ್ಳಿಗೆ ಇನ್ನೆರಡು ಹೂವು ಬರೆಯುವ ಯೋಚನೆಯಲ್ಲಿದ್ದೆ. ಬೆನ್ನ ಹಿಂದೆ ಬಾನೆಟ್ ದಪ್ಪನೆ ಮುಚ್ಚಿದ ಸದ್ದಾಯಿತು. ನಮ್ಮವರು ಬಂದರೆಂದುಕೊಂಡೆ. ಅವರು ಬಂದದ್ದು ಅದಾದ ಎಷ್ಟೋ ಹೊತ್ತಿನ ಮೇಲೆ, ಕಡಲೆಪುಟಾಣಿಯ ಪೊಟ್ಟಣ ಹಿಡಿದುಕೊಂಡು, ಮುಖ ಅರಳಿಸಿಕೊಂಡು. ಬಾನೆಟ್ ಮುಚ್ಚಿದ್ದನ್ನು ನೋಡಿ, ಗಾಳಿಗೆ ಬಿತ್ತೇನೋ ಎಂದುಕೊಂಡು ಕೊಂಡಿ ಬಿಗಿದು ಹೊರಟೇಬಿಟ್ಟರು.

ಶಿರವಾಳದ ಕಡೆ ದಾರಿ ಒಡೆಯುವ ಜಾಗ ಬರುವಷ್ಟರಲ್ಲಿ ಅವ್ವ ಮೂಗು ಅರಳಿಸಿದಳು.

"ಎಲ್ಲೋ ಕುರಿ ತೊಯ್ದಾವಲ್ಲ."

ಹೌದು, ನನಗೂ ಬಂತು. ಮಳೆಯಲ್ಲಿ ನೆನೆದ ಕುರಿಹಿಂಡಿನ ವಾಸನೆ. ಕುರಿಮನೆಯಲ್ಲಿ ಹುಟ್ಟಿದವರಿಗೆ ಅದು ತಪ್ಪುವುದಿಲ್ಲ. ಆದರೆ ಮುಗಿಲಲ್ಲಿ ತುಣುಕು ಮೋಡವಿಲ್ಲ, ಕಣ್ಣು ಹರಿಯುವವರೆಗೆ ಬಿಳಿಜೋಳದ ಹೊಲ, ಒಂದು ಕುರಿಯಿಲ್ಲ. ನಾವಿಬ್ಬರೂ ಆ ಕಡೆ ಈ ಕಡೆ ಕುರಿ ಹುಡುಕುತ್ತಿರುವಾಗ ನಮ್ಮವರು "ಅಯ್ಯೋ" ಎಂದರು. ಇಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪಿನಲ್ಲಿ ಹೋಗಿ ನಿಂತಿತ್ತು. ಇಂಜಿನ್ ಒಮ್ಮೆ ಕಿರುಗುಟ್ಟಿ, ನಡುಗಿ, ತಾನೇ ನಿಂತುಬಿಟ್ಟಿತು. ಜೀಪಿನ ಮೂತಿಯಿಂದ ಬುಸುಬುಸು ಉಗಿ.

ಅವರು ಇಳಿದರು. ಇಳಿದವರು ಬಾನೆಟ್ ತೆಗೆಯಲಿಲ್ಲ. ದಾರಿಯ ಅಂಚಿಗೆ ಹೋಗಿ ಆ ಕಡೆ ಮುಖ ಮಾಡಿ ಕುಕ್ಕರಿಸಿದರು. "ಕಚ್ಚಿಕೊಂತು" ಎಂದರು. "ಮುಗೀತು." ಅರ್ಧ ಗಂಟೆಯ ಹಿಂದೆ ಗುಮಾಸ್ತನಿಗೆ ಎದೆ ಸೆಟೆಸಿ ಹೇಳಿಬಂದ ಮಾತು ಅವರ ಬೆನ್ನಿನ ಮೇಲೆ ಕೂತದ್ದು ನನಗೆ ಕಾಣುತ್ತಿತ್ತು. ನಾನು ಕೂಸನ್ನು ಅಪ್ಪಿಕೊಂಡು ಅಳಲು ಶುರುಮಾಡಿದೆ. ಇಂಜಿನ್ನಿಗಾಗಿ ಅತ್ತ ಬಾಣಂತಿ ನಾನೊಬ್ಬಳೇ ಇರಬೇಕು.

ಉಗಿ ಕಂಡು ಹೊಲದಲ್ಲಿದ್ದವರು ಬೆಂಕಿ ಬಿದ್ದಿತೆಂದು ಓಡಿಬಂದರು. ಒಬ್ಬನ ಹೆಗಲ ಮೇಲೆ ತುಂಬಿದ ಕೊಡ. "ಸರೀರಿ, ಸರೀರಿ, ನೀರು ಹಾಕ್ತೀನಿ," ಎನ್ನುತ್ತ ಕೊಡ ಎತ್ತಿಯೇಬಿಟ್ಟ. ನಮ್ಮವರು ತಿರುಗಿ ನೋಡಿ "ಏ, ಏ" ಎಂದು ಏಳುವಷ್ಟರಲ್ಲಿ ಅವ್ವ ಜೀಪಿನ ಮುಂದೆ ಎರಡೂ ಕೈ ಅಗಲಿಸಿ ನಿಂತಿದ್ದಳು.

"ಮುಟ್ಟಬ್ಯಾಡ! ಬಾಣಂತಿಗಿ ತಣ್ಣೀರು ಹಾಕ್ತೀಯೇನು? ನಿಮ್ಮ ಮನ್ಯಾಗ ಹಡದವರು ಇಲ್ಲೇನು?"

ಆ ಮನುಷ್ಯ ಕೊಡ ಎತ್ತಿದವನು ಎತ್ತಿದಂತೆಯೇ ನಿಂತ. ಜೀಪಿನೊಳಗೆ ಬಾಣಂತಿ ಹೊತ್ತಿಕೊಂಡಳೇ ಎಂದು ಹಣಿಕಿ ನನ್ನನ್ನು ನೋಡಿದ. ಕೆಂಡದಂಥ ಇಂಜಿನ್ನಿನ ಮೇಲೆ ಆ ಕೊಡ ಬಿದ್ದಿದ್ದರೆ ಕಬ್ಬಿಣ ಸೀಳಿ ಹೋಗುತ್ತಿತ್ತಂತೆ. ಆ ಮಾತು ನಮ್ಮವರಿಗೆ ಗೊತ್ತಿತ್ತು, ಅವ್ವನಿಗೆ ಗೊತ್ತಿರಲಿಲ್ಲ. ಅವಳು ತನ್ನ ಹಳೆಯ ಇಬ್ಬರು ವೈರಿಗಳಲ್ಲಿ ಒಬ್ಬನನ್ನು ತಡೆದಿದ್ದಳು, ಅಷ್ಟೆ.

ಇನ್ನೊಬ್ಬ ವೈರಿಯನ್ನು ಹೇಗೆ ತಡೆದಿದ್ದಳೆಂದು ನಮ್ಮವರು ಬಾನೆಟ್ ಎತ್ತಿದಾಗ ತಿಳಿಯಿತು. ಮುಂದಿನ ಜಾಲರಿಗೂ ರೇಡಿಯೇಟರಿಗೂ ನಡುವೆ, ಗಾಳಿ ಒಳಗೆ ಹೋಗುವ ಆ ಒಂದೇ ಸಂದಿಯಲ್ಲಿ, ಕೂಸಿನ ಹೊಸ ಕಂಬಳಿಯನ್ನು ನಾಲ್ಕು ಮಡಿಕೆ ಮಾಡಿ ಅಚ್ಚುಕಟ್ಟಾಗಿ ತುರುಕಲಾಗಿತ್ತು. ಉಗಿಗೆ ತೊಯ್ದು, ತುಕ್ಕಿನ ನೀರು ಕುಡಿದು, ಹಬೆಯಾಡುತ್ತಿತ್ತು. ನಾವು ಹೊಲದಲ್ಲೆಲ್ಲ ಹುಡುಕಿದ ಕುರಿ ಅಲ್ಲಿತ್ತು.

ನಮ್ಮವರು ತುದಿ ಹಿಡಿದು ಅದನ್ನು ಹೊರಗೆಳೆದರು. ಹೆಣ್ಣು ಕೊಟ್ಟ ಅತ್ತೆಗೆ ಏನು ಅನ್ನುವುದು? ನಮ್ಮವರ ದವಡೆ ಬಿಗಿಯಿತು. ಅವ್ವನೇ ತಲೆ ತಗ್ಗಿಸಿ ಹೇಳಿದಳು.

"ಎದಿ ತೆರಕೊಂಡು ಗಾಳ್ಯಾಗ ನಿಂತಿತ್ತಲ್ರಿ. ಚಳಿ ಹತ್ತಿ ಕೆಟ್ಟರ ಹ್ಯಾಂಗಂತ ಹೊಚ್ಚೀನ್ರಿ."

"ಅವ್ವಾ, ಅದು ಕಬ್ಬಿಣ!" ಎಂದು ನಾನು ಚೀರಿದೆ. "ನಿನ್ನ ಬಾಣಂತನ ನನಗ ಸಾಕಾಗಿತ್ತು, ಅದರ ಮ್ಯಾಲೂ ಮಾಡಬೇಕಾಗಿತ್ತೇನು?"

ಅವಳು ನನ್ನ ಕಡೆ ನೋಡಲಿಲ್ಲ. ಅಳಿಯನ ಕಡೆಯೂ ನೋಡದೆ, ನೆಲಕ್ಕೆ ಹೇಳಿದಳು.

"ಅದು ಕೆಟ್ಟರ ನೀವು ಹೈದರಾಬಾದಿಗೆ ಹೋಗ್ತೀರಂತ ಈಕಿ ನಿದ್ದ್ಯಾಗ ಬಡಬಡಸ್ತಿದ್ದಳ್ರಿ. ಹಬ್ಬಕ್ಕ ಬರ್ತಾರಂತ, ಹಬ್ಬಕ್ಕ ಬರ್ತಾರಂತ. ಕುರಿ ಹಿಂದ ಹೋದಾವನ ದಾರಿ ನೋಡಿಕೋತನ ನನ್ನ ಬಾಳೇವು ಹೋಗ್ಯಾದ್ರಿ. ಈಕಿಗಿ ಅದು ಬ್ಯಾಡಂತ ಹೊಚ್ಚೀನಿ."

ನಾನು ಹುಟ್ಟಿದಾಗ ಅಪ್ಪ ಇರಲಿಲ್ಲ ಎಂದು ಅವಳು ಸುಮ್ಮನೆ ಹೇಳುತ್ತಿದ್ದ ಮಾತಿನೊಳಗೆ ಏನೇನಿತ್ತೆಂದು ನನಗೆ ತಿಳಿದದ್ದು ಆ ನಡುದಾರಿಯಲ್ಲಿ. ನಮ್ಮವರ ದವಡೆ ಸಡಿಲಿತು. "ಕುಳ್ಳು ಅದಾವಲ್ರಿ ಅತ್ತಿಯವರ," ಎಂದರು. "ಒಂದೀಟು ನೀರು ಕಾಸ್ರಿ. ಬಾಣಂತಿಗಿ ಬಿಸಿನೀರೇ ಹಾಕೋಣು."

ಅವ್ವ ಮೂರು ಕಲ್ಲು ಹೂಡಿದಳು. ಕೊಡದವನ ಕೊಡದ ನೀರೇ ನಮ್ಮ ಚರಿಗೆಯಲ್ಲಿ ಕಾಯಿತು. ಇಂಜಿನ್ ಆರುವವರೆಗೆ ಊರವರೂ ನಾವೂ ಬದಿಗೆ ಕೂತು ಕಡಲೆಪುಟಾಣಿ ತಿಂದೆವು. ಯಾರೂ ರುಚಿ ನೋಡಿ ತಿನ್ನಲಿಲ್ಲ. ಆಮೇಲೆ ನಮ್ಮವರು ಉಗುರುಬೆಚ್ಚಗಿನ ನೀರನ್ನು ಕೂಸಿಗೆ ಎರೆದಷ್ಟು ಮೆಲ್ಲಗೆ ರೇಡಿಯೇಟರಿಗೆ ಹಾಕಿದರು, ಎಣ್ಣೆ ನೋಡಿದರು, ಇಂಜಿನ್ ತಿರುಗಿಸುವ ಹ್ಯಾಂಡಲ್ ತಂದು ಜೀಪಿನ ಮೂತಿಗೆ ಸಿಕ್ಕಿಸಿದರು. ತಿರುಗಿದರೆ ನಮ್ಮ ಒಲೆ, ತಿರುಗದಿದ್ದರೆ ಹೈದರಾಬಾದು. ಅವ್ವ ಅಬ್ಬೆತುಮಕೂರಿನ ಮಠದ ದಿಕ್ಕು ಯಾವುದೆಂದು ಕೊಡದವನನ್ನು ಕೇಳಿ, ಆ ಕಡೆ ಕೈಮುಗಿದು ಕಣ್ಣು ಮುಚ್ಚಿದಳು. ನಾನು ಮುಚ್ಚಲಿಲ್ಲ.

ಹ್ಯಾಂಡಲ್ ಅಲುಗಲಿಲ್ಲ. ಅವರು ಕೈ ಒರೆಸಿಕೊಂಡು, ಕಾಲು ಊರಿ, ಮೈಭಾರವನ್ನೆಲ್ಲ ಬಿಟ್ಟರು. ಒಳಗೆಲ್ಲೋ ಕಿರ್ ಎಂದಿತು. ಕೂದಲೆಳೆಯಷ್ಟು ಸರಿಯಿತು. ಇನ್ನಷ್ಟು ಸರಿಯಿತು. ಆಮೇಲೆ ಒಂದು ಸುತ್ತು ಪೂರಾ ಬಂತು, ಬಿಗಿಯಾಗಿ, ಮೊದಲಿನಷ್ಟೇ ಬಿಗಿಯಾಗಿ. ನಾಲ್ಕನೆಯ ಹೊಡೆತಕ್ಕೆ ಇಂಜಿನ್ ಎದ್ದಿತು. ಕೆಮ್ಮಿಲ್ಲ, ಹೊಗೆಯಿಲ್ಲ. ಹೇಂಟೆ ಬುಟ್ಟಿಯೊಳಗಿಂದ ಕೂಗಿತು, ಕೂಸು ಎದ್ದು ಅಳಲು ಹತ್ತಿತು, ಊರವರು ಚಪ್ಪಾಳೆ ತಟ್ಟಿದರು. ನಮ್ಮವರು ಬಂದು ಕೂಸಿನ ತಲೆಯ ಮೇಲೆ ಎಣ್ಣೆಗೈ ಇಟ್ಟರು. ನನ್ನ ಎದೆಯ ಮೇಲಿದ್ದ ಬಂಡೆಯನ್ನು ಯಾರೋ ಎತ್ತಿ ಹೊಲದಾಚೆ ಎಸೆದಂತಾಯಿತು.

ಊರು ಮುಟ್ಟಿದ್ದು ಸಂಜೆಗೆ. ಗುರುಬಸಮ್ಮ ಆರತಿ ಹಿಡಿದು ಬೆಳಗಿನಿಂದ ಬಾಗಿಲಿಗೂ ಬೀದಿಗೂ ತಿರುಗಿ ಸುಸ್ತಾಗಿದ್ದಳು. ನನಗೂ ಕೂಸಿಗೂ ರೊಟ್ಟಿಯ ತುಣುಕು ನಿವಾಳಿಸಿ ಬಿಸಾಡಿದಳು. ನಮ್ಮವರು ಇನ್ನೊಂದು ತುಣುಕು ಇಸಿದುಕೊಂಡು ಜೀಪಿಗೂ ನಿವಾಳಿಸಿದರು. ಮರುದಿನ ಕಂಬಳಿ ಒಣಗಿತು. ನಮ್ಮವರು ಬಾಡಿಗೆ ಮುಗಿಸಿ ಬಂದು, ಇಂಜಿನ್ ಪೂರಾ ತಣ್ಣಗಾದ ಮೇಲೆ ಅದನ್ನು ಬಾನೆಟ್ಟಿನ ಮೇಲೆ ತಾವೇ ಹೊದಿಸಿ ಅವ್ವನನ್ನು ಕರೆದು ತೋರಿಸಿದರು.

"ದುಡದು ಬಂದು ಆರಿದ ಮ್ಯಾಲ ಹಿಂಗ ಹೊಚ್ಚಬೇಕ್ರಿ."

ಅವ್ವ ಬಿಳಿ ಗೆರೆಯ ಅಂಚನ್ನು ಸರಿಮಾಡಿ, ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಐನೂರು ಮೈಲಿ ಯಾವಾಗ ದಾಟಿತೋ ನನಗೆ ಗೊತ್ತಿಲ್ಲ. ಆ ಜೀಪು ನನ್ನ ಮಗಳು ಲಂಗ ಬಿಟ್ಟು ಸೀರೆ ಉಡುವವರೆಗೂ ಓಡಿತು. ಒಲೆಯ ಗೂಡಿನ ಬಳ್ಳಿಯನ್ನು ಪ್ರತಿ ವರ್ಷ ಮಸಿ ಒರೆಸಿ ಹೊಸದಾಗಿ ಬರೆದೆ. ದೇವಾಪುರದ ಕಡೆ ಯಾರು ಹೊರಟರೂ ನಮ್ಮವರು ನಿಲ್ಲಿಸಿ, "ಇಬ್ರೂ ಬಾಣಂತ್ಯಾರು ಅರಾಮ ಅದಾರಂತ ಅತ್ತಿಯವರಿಗಿ ಹೇಳ್ರಿ" ಎನ್ನುತ್ತಿದ್ದರು. ಆ ಕಡೆಯಿಂದ ತಪ್ಪದೆ ಉತ್ತರ ಬರುತ್ತಿತ್ತು, ತಣ್ಣೀರು ಕೊಡಬೇಡಿ ಎಂದು.

ಇವತ್ತು ಸಂಜೆ ಮೊಮ್ಮಗಳು ಶಾಲೆಯಿಂದ ಬಂದು, ಸ್ಕೂಟರನ್ನು ಅಂಗಳದಲ್ಲಿ ನಿಲ್ಲಿಸಿ, ಮುಖ ಊದಿಸಿಕೊಂಡೇ ಒಳಗೆ ಹೋದಳು. ನಾನು ಕಂಬಳಿ ಹಿಡಿದು ಹೊರಗೆ ಬಂದೆ. ಇಂಜಿನ್ ಮುಟ್ಟಿ ನೋಡಿದೆ. ಇನ್ನೂ ಬಿಸಿ ಇತ್ತು. ಕಟ್ಟೆಯ ಮೇಲೆ ಕೂತು, ಅದು ಆರುವವರೆಗೆ ಕಾದೆ.